ಬೊಗಳುವ ಜನರೇಟರ್

ಸಿಂಧನೂರಿನ ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಯಾರಿಗೂ ಅಚ್ಚರಿಯಿಲ್ಲ. ಆದರೆ ಅದು ಹೋದ ಎರಡನೇ ನಿಮಿಷಕ್ಕೆ ನಮ್ಮ ಹಿತ್ತಲಿನಿಂದ ಏಳುವ ಸದ್ದಿಗೆ ಎದುರು ಮನೆಯ ಎಮ್ಮೆ ಇವತ್ತಿಗೂ ಹಗ್ಗ ಜಗ್ಗುತ್ತದೆ. ಮೂರು ಮನೆ ಆಚೆಯ ಟೇಲರ್ "ಮೇಡಂ ಅವ್ರ ಟ್ರ್ಯಾಕ್ಟರ್ ಹೊಂಟ್ತು" ಎನ್ನುತ್ತಾ ಹೊಲಿಗೆ ಬಿಟ್ಟು ಚಹಾಕ್ಕೆ ಏಳುತ್ತಾರಂತೆ. ಅದು ನಮ್ಮ ಜನರೇಟರ್. ಸದ್ದೇ ಇಲ್ಲದ ಜನರೇಟರ್ ಅದೇ ಅಂಗಡಿಯಲ್ಲಿ, ಇದರ ಮಗ್ಗುಲಲ್ಲೇ ಕೂತಿತ್ತು. ಅದನ್ನು ಬಿಟ್ಟು ಇದನ್ನು ಆರಿಸಿದವನು ನಮ್ಮಪ್ಪ. ಆ ಸಿಟ್ಟಿಗೆ ನಾನು ಹದಿನೈದು ದಿನ ಅವನೊಡನೆ ನೆಟ್ಟಗೆ ಮಾತಾಡಿರಲಿಲ್ಲ.

ಜನರೇಟರ್ ಬೇಕಾಗಿದ್ದದ್ದು ಅವ್ವನಿಗೆ. ರೈಸ್ ಮಿಲ್ಲಿನ ತೌಡು ಧೂಳಿನಲ್ಲಿ ಅರ್ಧ ಆಯುಷ್ಯ, ಒಲೆಯ ಹೊಗೆಯಲ್ಲಿ ಉಳಿದರ್ಧ ಕಳೆದ ಅವಳ ಎದೆಗೂಡು ಕಡೆಗೆ ಸೋತು ಕೂತಿತು. ಡಾಕ್ಟರು ಹಗಲೂ ರಾತ್ರಿ ಆಕ್ಸಿಜನ್ ಮಶೀನು ಬೇಕೆಂದರು. ಮಂಚದ ಪಕ್ಕ ನಿಂತು ಕೋಣೆಯ ಗಾಳಿಯನ್ನೇ ಸೋಸಿ ಮೂಗಿನ ನಳಿಕೆಗೆ ಕಳಿಸುವ ಆ ಮಶೀನನ್ನು ಅವ್ವ ತನ್ನ ಕಿರಿ ಮಗ ಎನ್ನುತ್ತಿದ್ದಳು, ಉಣ್ಣುವುದು ಬರೀ ಕರೆಂಟು ಎಂದು ಬಂದವರಿಗೆಲ್ಲ ಚಾಡಿ ಹೇಳುತ್ತಿದ್ದಳು. ಕರೆಂಟು ತಪ್ಪಿದರೆ ಅದು ಕೀಂ ಕೀಂ ಎಂದು ಸಣ್ಣ ದನಿಯಲ್ಲಿ ಕೂಗುತ್ತದೆ. ಆಗ ಹತ್ತಿರ ಇದ್ದವರು ನಳಿಕೆಯನ್ನು ಮೂಲೆಯ ಸಿಲಿಂಡರಿಗೆ ಜೋಡಿಸಬೇಕು. ನಾನು ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಮನೆ. ಹಾಗಾಗಿ ಹಗಲಿನ ಕಾವಲು ಅಪ್ಪನದು.

ಹೋದ ವರ್ಷ ಶಾಲೆ ಶುರುವಾದ ವಾರವೇ ರೋಹಿಣಿ ಮಳೆ ಗಾಳಿ ಕಟ್ಟಿಕೊಂಡು ಬಂತು. ಜವಳಗೇರಾ ಕಡೆ ಕಂಬಗಳು ಸಾಲಾಗಿ ಮಲಗಿದವು. ಮನೆಯಲ್ಲಿ ಇನ್ವರ್ಟರ್ ಇತ್ತು, ಅವ್ವನ ಮಶೀನಿಗಷ್ಟೇ ಜೋಡಿಸಿದ್ದೆವು. ಅದರ ಹಳೆಯ ಬ್ಯಾಟರಿ ಎರಡು ತಾಸು ಎಳೆದು ಕೈಕೊಟ್ಟಿತು. ನಾನು ಬಸ್ಸಿಳಿದು ಬರುವಾಗ ಗಾಳಿ ಪೂರ್ತಿ ನಿಂತು ಓಣಿ ತಣ್ಣಗಿತ್ತು. ಗೇಟಿನ ಹತ್ತಿರವೇ ಕೀಂ ಕೀಂ ಕೇಳಿಸಿತು. ಅಪ್ಪ ಅವ್ವನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ಪಡಸಾಲೆಯ ಕುರ್ಚಿಯಲ್ಲಿ ಆರಾಮಾಗಿ ಅಡಿಕೆ ಕತ್ತರಿಸುತ್ತಿದ್ದ. ಒಳಗೆ ಅವ್ವನ ಉಗುರುಗಳು ನೀಲಿಯಾಗಿದ್ದವು. ಅವಳು ಕೈ ಎತ್ತುವ ಶಕ್ತಿಯೂ ಇಲ್ಲದೆ, ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದಳು.

ಸಿಲಿಂಡರಿಗೆ ನಳಿಕೆ ಹಚ್ಚಿದೆ. ಹತ್ತು ನಿಮಿಷಕ್ಕೆ ಅವಳ ಮುಖಕ್ಕೆ ಬಣ್ಣ ಬಂತು, ನನ್ನ ಬಾಯಿಗೆ ಬೈಗುಳ ಬಂತು. ಎರಡು ಮಾರು ದೂರ ಕೂತು ಇದು ಕೂಗುವುದು ಕೇಳಿಸಲಿಲ್ಲವೇ ಎಂದು ಅಪ್ಪನ ಮೇಲೆ ಕಿರುಚಾಡಿದೆ.

"ಗಾಳಿ ಸಪ್ಪಳದಾಗ ಕೇಳಿಸ್ಲಿಲ್ಲ ಬೇ," ಅಂದ.

ಗಾಳಿ ನಿಂತು ಅರ್ಧ ತಾಸಾಗಿತ್ತು. ಸಿಟ್ಟಿನಲ್ಲಿ ಅದು ನನ್ನ ತಲೆಗೆ ಹೋಗಲಿಲ್ಲ.

ಜನರೇಟರ್ ತರುವುದೆಂದು ಆ ಸಂಜೆಯೇ ನಿರ್ಧಾರವಾಯಿತು. ನಾನು ಟೀಚರಲ್ಲವೇ, ಹಳೆಯ ಉತ್ತರಪತ್ರಿಕೆಯ ಬೆನ್ನಿಗೆ ಲೆಕ್ಕ ಹಾಕಿದೆ. ಮಶೀನಿಗೆ ಇಷ್ಟು ವ್ಯಾಟು, ಫ್ಯಾನಿಗೆ ಇಷ್ಟು, ಎರಡು ಲೈಟಿಗೆ ಇಷ್ಟು, ಮೋಟಾರು ಏಳುವಾಗ ಜಾಸ್ತಿ ಎಳೆಯುವುದಕ್ಕೆ ಇನ್ನಿಷ್ಟು. ಅಪ್ಪ ಆ ಹಾಳೆಯನ್ನು ಗೌರವದಿಂದ ನೋಡಿ, ಮಡಚಿ, ಅಡಿಕೆ ಕಟ್ಟಿಕೊಂಡ. ಮುಂದಿನ ಶನಿವಾರ ಅವ್ವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅವನು ಮಸ್ಕಿಗೆ ಬಂದ. ಅರ್ಧ ದಿನದ ಶಾಲೆ ಮುಗಿಸಿ ಇಬ್ಬರೂ ಲಿಂಗಸುಗೂರಿನ ದೊಡ್ಡ ಅಂಗಡಿಗೆ ಹೋದೆವು.

ಅಂಗಡಿಯವರು ಕುಕ್ಕರಿನ ಡಬ್ಬಿಯಂಥ ಒಂದು ಬಿಳಿ ಜನರೇಟರನ್ನು ಚಾಲೂ ಮಾಡಿದರು. ನನ್ನ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅಪ್ಪ ಅದರ ಮುಂದೆ ಕೈಕಟ್ಟಿ ನಿಂತು, ಬಹಳ ಹೊತ್ತು ಕಾದು, "ಯಾವಾಗ ಚಾಲೂ ಮಾಡ್ತೀರ್ರಿ?" ಎಂದು ಕೇಳಿದ. ಅಂಗಡಿಯವರು ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ, ಅದರ ಮಗ್ಗುಲಲ್ಲಿದ್ದ ಡೀಸೆಲ್ ಜನರೇಟರಿನ ಕಡೆ ನಡೆದ.

ಅದನ್ನು ಚಾಲೂ ಮಾಡಿದ್ದೇ ತಡ, ಗೋಡೆಯ ಕ್ಯಾಲೆಂಡರು ಕುಣಿಯತೊಡಗಿತು. ಅಪ್ಪನ ಮುಖ ಅರಳಿತು. ಹರೆಯದಲ್ಲಿ ಅವನು ದಢೇಸುಗೂರಿನ ಕಾಲುವೆ ದಂಡೆಯಲ್ಲಿ ರೈತರೊಬ್ಬರ ಡೀಸೆಲ್ ಇಂಜಿನ್ ನೋಡಿಕೊಳ್ಳುತ್ತಿದ್ದ. ಭತ್ತಕ್ಕೆ ನೀರು ಎತ್ತುವ ಇಂಜಿನ್ನಿನ ಪಕ್ಕದಲ್ಲೇ ಉಂಡು ಅಲ್ಲೇ ಮಲಗಿದವನು. ಹಳೆ ಚಾಳಿ, ಎಲ್ಲಿ ಬಿಟ್ಟೀತು ಎಂದುಕೊಂಡೆ. ಅಂಗಡಿಯವರ ಎದುರಿಗೇ ಬೊಗಳೋ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಅವನ ಮೇಲೆ ಬಿಟ್ಟೆ. ಸದ್ದಿನ ಭರಾಟೆಯಲ್ಲಿ ಎರಡು ಸಲ ಹೇಳಬೇಕಾಯಿತು.

"ಕಚ್ಚೂದು ಯಾರಿಗೆ ಬೇಕಾಗೇತಿ?" ಅಂದ ಅಪ್ಪ. "ಕಾಯೂ ನಾಯಿ ಬೊಗಳಬೇಕು."

ಅಲ್ಲಿಂದಲೇ ಅವ್ವನಿಗೆ ಫೋನ್ ಹಚ್ಚಿದೆ. ಉಸಿರು ಅವಳದು, ತೀರ್ಪೂ ಅವಳದೇ ಆಗಲಿ ಎಂದು. ಮಿಕ್ಸರ್ ಸದ್ದಿಗೂ ಮುಖ ಕಿವುಚುವ ಅವ್ವ ನನ್ನ ಪಕ್ಷ ಹಿಡಿಯುವುದು ಗ್ಯಾರಂಟಿ ಇತ್ತು. ಅವಳು, ಚಾಲೂ ಮಾಡುವವನು ಅವನು, ಅವನು ಹೇಳಿದ್ದನ್ನೇ ತನ್ನಿ ಎಂದು ಫೋನ್ ಇಟ್ಟುಬಿಟ್ಟಳು. ಗಂಡ ಹೆಂಡಿರ ನಡುವೆ ಸಿಕ್ಕ ಮಗಳ ಪಾಡು ಕೇಳುವವರ್ಯಾರು. ಒಪ್ಪಿದೆ. ಆದರೆ ಗುಟ್ಟಾಗಿ ಸಿಂಧನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಳಗೆ ದಪ್ಪ ಫೋಮು ಹಚ್ಚಿದ, ಸದ್ದು ನುಂಗುವ ತಗಡಿನ ಪೆಟ್ಟಿಗೆಯೊಂದನ್ನು ಮಾಡಿಸಲು ಹೇಳಿದೆ.

ಕೂಡಿಸಲು ಬಂದ ಮೆಕ್ಯಾನಿಕ್ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವರು, ತೆಲುಗು ಬೆರೆತ ಕನ್ನಡ, ಐವತ್ತರ ವಯಸ್ಸು. ಹೊಗೆ ಅವ್ವನ ಕಡೆ ಸುಳಿಯಬಾರದು ಎಂಬುದೊಂದೇ ನನ್ನ ಷರತ್ತು. ಅವರು ಹಿತ್ತಲ ತುದಿಯಲ್ಲಿ ಕಟ್ಟೆ ಕಟ್ಟಿಸಿ, ಹೊಗೆ ಕೊಳವೆಯನ್ನು ಮಾಳಿಗೆಗಿಂತ ಮೇಲಕ್ಕೆ ಎತ್ತಿ ಬಯಲ ಕಡೆ ತಿರುಗಿಸಿದರು. ಅರ್ಥಿಂಗಿಗೆಂದು ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬುವಾಗ ಅವ್ವ ಕಿಟಕಿಯಿಂದ ನೋಡಿ, ಉಪ್ಪಿನಕಾಯಿ ಹಾಕುತ್ತಿದ್ದರೆ ಖಾರ ಮರೆಯಬೇಡಿ ಅಂದಳು. ಮೆಕ್ಯಾನಿಕ್ ಪೂಜೆಗೆ ತೆಂಗಿನಕಾಯಿ ಕೇಳಿದರು. ನಮ್ಮದು ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚುವ ಮನೆ. ಹಚ್ಚಿದೆವು. ಕಾಯಿಯನ್ನೂ ತರಿಸಿದೆವು. ಅವ್ವ ಅದಕ್ಕೆ ಚಟ್ನಿಯ ದಾರಿ ತೋರಿಸಿದಳು.

ಕಡೆಗೆ ಪರೀಕ್ಷೆ. ಬ್ಯಾಟರಿ ಸತ್ತ ಇನ್ವರ್ಟರನ್ನು ಆಗಲೇ ಬಿಚ್ಚಿಟ್ಟಿದ್ದೆವು. ಕರೆಂಟಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್ಚು ಹಿತ್ತಲ ಬಾಗಿಲಲ್ಲಿತ್ತು. ಅವ್ವನ ನಳಿಕೆಯನ್ನು ಮೊದಲೇ ಸಿಲಿಂಡರಿಗೆ ಹಚ್ಚಿ, ಮೇನ್ ತೆಗೆಯಿರಿ ಎಂದು ಮೆಕ್ಯಾನಿಕ್‌ಗೆ ಕೈ ಮಾಡಿದೆ. ತೆಗೆದರು. ಮಶೀನು ಕೀಂ ಕೀಂ ಎಂದು ಶುರು ಮಾಡಿತು.

ಅಪ್ಪ ಆ ಮಶೀನಿಗೆ ಬೆನ್ನು ಹಾಕಿ, ಮೊಳದಷ್ಟೂ ದೂರವಿಲ್ಲದೆ ನಿಂತು ಅವ್ವನ ಕೌದಿ ಮಡಚುತ್ತಿದ್ದ. ತಿರುಗಲಿಲ್ಲ. ಮಡಚಿದ. ಅಂಚಿಗೆ ಅಂಚು ಕೂಡಿಸಿ ಮತ್ತೊಂದು ಮಡಿಕೆ ಹಾಕಿದ. "ಅಪ್ಪಾ, ಕೂಗಾಕತ್ತೈತಿ ನೋಡು" ಎಂದೆ. ಅದಕ್ಕೂ ತಿರುಗಲಿಲ್ಲ. ಆಗ ಅವ್ವ ಕೈಯಲ್ಲಿದ್ದ ಹಿತ್ತಾಳೆ ಚರಿಗೆಯಿಂದ ಮಂಚದ ಪಟ್ಟಿಗೆ ಧಡ್ ಎಂದು ಬಡಿದಳು. ಅವನು ಥಟ್ಟನೆ ತಿರುಗಿದ.

ಅವ್ವ ಅವನನ್ನು ಕರೆಯಲು ಯಾವಾಗಲೂ ಮಂಚ ಬಡಿಯುತ್ತಿದ್ದಳು. ಉಸಿರು ಉಳಿಸಲು ಎಂದುಕೊಂಡಿದ್ದೆ ನಾನು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀಚು ದನಿಗಳನ್ನು, ದಪ್ಪ ಸದ್ದು ಆಮೇಲೂ ಉಳಿಯುತ್ತದೆ ಎಂದು ಶಬ್ದದ ಪಾಠದಲ್ಲಿ ವರ್ಷಾ ವರ್ಷಾ ಹೇಳುವವಳು ನಾನು. ಅವನ ಕಿವಿಗಳು ಇಂಜಿನ್ನಿನ ಮಗ್ಗುಲಲ್ಲಿ ಮೊದಲೇ ಸವೆದಿದ್ದವು. ಅಂಗಡಿಯವರ ಜೊತೆ ಸೇರಿ ಅವನಿಗೆ ನಕ್ಕದ್ದು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದೆ. ಅವ್ವ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಅಪ್ಪ ಜನರೇಟರ್ ಚಾಲೂ ಮಾಡಲು ಹೋದ ಮೇಲೆ, ನಿಂತು ನಿಂತು ಉಸಿರು ತಂದುಕೊಂಡು ಹೇಳಿದಳು.

"ಕಿವಿ ಮಂದಾಗಿ ನಾಕ್ ವರ್ಸಾತು. ನಿನಗ ಹೇಳಬ್ಯಾಡ ಅಂದಾನ. ಹೇಳಿದ್ರ ನನ್ನ ಕಾಯೂ ಕೆಲಸ ಕಸಗೊಂತಿ ಅಂತ ಅಂಜ್ಯಾನ. ಅವತ್ತು ನೀ ಬೈದ ಮ್ಯಾಲ ಇಲ್ಲೇ ಕುಂತು ಅತ್ತಾನ."

ಅಷ್ಟರಲ್ಲಿ ಹಿತ್ತಲಲ್ಲಿ ಜನರೇಟರ್ ಗುಡುಗಿತು. ಮಂಚ ಅದುರಿತು, ಗೂಡಿನಲ್ಲಿದ್ದ ತಾಟು, ಲೋಟಗಳು ಮಾತಾಡತೊಡಗಿದವು, ಮಶೀನು ಕೂಗು ನಿಲ್ಲಿಸಿ ಉಸಿರಾಡಿತು. ಅಪ್ಪ ಒಳಗೆ ಬಂದು ಹಿತ್ತಲ ಗೋಡೆಗೆ ಅಂಗೈ ಆನಿಸಿ ನಿಂತು, ಬರೋಬ್ಬರಿ ಐತಿ ಎಂದು ತಲೆಯಾಡಿಸಿದ. ಈ ಅದುರು ನಿಂತರೆ ಅವನಿಗೆ ಆ ಕ್ಷಣವೇ ತಿಳಿಯುತ್ತದೆ. ನಾನು ಹೊರಗೆ ಓಡಿ, ಪೆಟ್ಟಿಗೆಯ ಬೋಲ್ಟು ಎಣಿಸುತ್ತಿದ್ದ ಮೆಕ್ಯಾನಿಕ್‌ಗೆ ಅದು ಬೇಡ ಅಂದೆ. ಓಣಿಯ ಮಂದಿ ಬೈಯುತ್ತಾರೆ ಎಂದು ಅವರು ಎಚ್ಚರಿಸಿದರು. ಬೈಯಲಿ ಅಂದೆ. ಬೈಗುಳ ತಪ್ಪಿಸಲು ಕಾಂಪೌಂಡ್ ಗೋಡೆಗೆ ಒಂದು ಉದ್ದನೆಯ ಪ್ಲಗ್ ಬೋರ್ಡು ಹಚ್ಚಿಸಿದೆ. ಈಗ ಕರೆಂಟು ಹೋದರೆ ಆರು ಮನೆಯ ಫೋನುಗಳು ಅಲ್ಲಿ ಜೋತಾಡುತ್ತವೆ. ಪೆಟ್ಟಿಗೆಯಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದೇವೆ.

ಅಪ್ಪನ ಗುಟ್ಟನ್ನು ನಾನು ಯಾರೆದುರೂ ಬಯಲು ಮಾಡಲಿಲ್ಲ, ಅವನ ಕಾವಲನ್ನೂ ಕಸಿಯಲಿಲ್ಲ. ರಾಯಚೂರಿಗೆ ನನ್ನ ಕಣ್ಣು ತೋರಿಸುವ ನೆಪದಲ್ಲಿ ಕರೆದೊಯ್ದು ಅವನ ಕಿವಿ ತೋರಿಸಿದೆ. ಕೊಟ್ಟ ಕಿವಿ ಮಶೀನನ್ನು ಅವನು ಮದುವೆಗಳಿಗೆ ಮಾತ್ರ ಹಾಕಿಕೊಳ್ಳುತ್ತಾನೆ.

ಈ ವರ್ಷವೂ ರೋಹಿಣಿ ಮಳೆ ಗಾಳಿ ಹೊತ್ತೇ ಬಂತು. ಮಸ್ಕಿ ದಾಟಿದ ಕೂಡಲೇ ದೊಡ್ಡ ಬೇವಿನ ಮರ ರಸ್ತೆಗೆ ಅಡ್ಡ ಬಿದ್ದು ಸಿಂಧನೂರು ಕಡೆಯ ಬಸ್ಸುಗಳೆಲ್ಲ ನಿಂತವು. ನಾಲ್ಕೂವರೆಯಿಂದ ನಾನು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದೆ. ಸಿಂಧನೂರಿನಲ್ಲಿ ಕರೆಂಟು ಹೋಗಿದೆ ಎಂದು ಯಾರೋ ಅಂದರು. ಕೂಡಲೇ ಅವ್ವನಿಗೆ ಫೋನ್ ಹಚ್ಚಿದೆ. ಎತ್ತಿಕೊಂಡಳು. ಏನೋ ಹೇಳಿದಳು. ನಾನು ಇನ್ನೊಂದು ಕಿವಿಗೆ ಬೆರಳಿಟ್ಟು ಕೇಳಿದೆ. ಒಂದಕ್ಷರ ತಿಳಿಯಲಿಲ್ಲ. ಅವಳ ಮಾತಿನ ಮೇಲೆ ನಮ್ಮ ಜನರೇಟರ್ ಗಡಗಡ ಗಡಗಡ ಎಂದು ಬೊಗಳುತ್ತಿತ್ತು, ಬೇರೇನೂ ಕೇಳಿಸಲಿಲ್ಲ.

ಬೇರೇನೂ ಬೇಕಿರಲಿಲ್ಲ. ಇಲ್ಲಿ ಫೋನ್ ಹಿಡಿದು ನಾನು, ಅಲ್ಲಿ ಗೋಡೆಗೆ ಅಂಗೈ ಆನಿಸಿ ಅಪ್ಪ, ಇಬ್ಬರೂ ಕೇಳುತ್ತಿದ್ದದ್ದು ಅವ್ವನ ಉಸಿರನ್ನೇ. ಸ್ವಲ್ಪ ಹೊತ್ತು ಹಾಗೇ ಕೇಳಿಸಿಕೊಂಡೆ. ಆಮೇಲೆ ಫೋನ್ ಇಟ್ಟು, ಒಂದು ಪ್ಲೇಟ್ ಬಿಸಿ ಮಿರ್ಚಿ ಭಜಿ ಹೇಳಿ, ಬೆಂಚಿನ ಮೇಲೆ ಕಾಲು ಚಾಚಿ ಕೂತೆ.