ಗುರುತುಕಲ್ಲಿನ ಮೇಲೆ ಕಣ

ಮಳೆ ಜೋರಾದರೆ ನನ್ನ ಬಾಯಿ ಒಣಗುತ್ತದೆ. ಸಕಲೇಶಪುರದಲ್ಲಿ ಸಂಸಾರ ಮಾಡುವವಳಿಗೆ ಇದು ಒಳ್ಳೆಯ ಕಾಯಿಲೆಯಲ್ಲ. ಇಲ್ಲಿ ಮಳೆ ಬಂತೆಂದರೆ ತಿಂಗಳುಗಟ್ಟಲೆ ಇರುತ್ತದೆ, ಅಷ್ಟೂ ದಿನ ನಾನು ನೀರು ಕುಡಿಯುತ್ತಲೇ ಇರುತ್ತೇನೆ. ಯಾಕೆಂದು ಯಾರಾದರೂ ಕೇಳಿದರೆ ಉಷ್ಣ ಅನ್ನುತ್ತೇನೆ. ಉಷ್ಣವಲ್ಲ, ಹೆದರಿಕೆ.

ನಾವು ಅಕ್ಕತಂಗಿಯರು ಆಲೂರು ಕಡೆಯ ಹಳ್ಳಿಯವರು. ನಿಂತ ಕೆರೆ ನೀರು ಕಂಡವರೇ ಹೊರತು ಓಡುವ ನೀರು ಕಂಡವರಲ್ಲ. ತಂಗಿ ಹುಟ್ಟಿದಾಗ ಅವಳನ್ನು ಎತ್ತಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲವೆಂದು ನನ್ನನ್ನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದರು. ಅವಳು ನನ್ನ ಸೊಂಟದ ಮೇಲೆಯೇ ಬೆಳೆದಳು. ಆ ಸಲುಗೆಯಿಂದಲೇ ಮುಂದೆ ಅವಳಿಗೆ ಸಕಲೇಶಪುರದಲ್ಲೇ ಮನೆ ನೋಡಿದವಳೂ ನಾನೇ.

ನಮ್ಮ ಮನೆ ಪೇಟೆಯ ಮೇಲ್ತುದಿಯಲ್ಲಿದೆ. ಹಿತ್ತಿಲಲ್ಲೇ ಒಂದು ಹಳ್ಳ ಇಳಿಯುತ್ತದೆ. ಗುಡ್ಡದ ಎಸ್ಟೇಟುಗಳ ನೀರೆಲ್ಲ ಅದರಲ್ಲಿ ಕೂಡಿ, ಪೇಟೆಯ ನಡುವೆ ಹಾದು, ಕೆಳಗೆ ಹೇಮಾವತಿ ಸೇರುತ್ತದೆ. ಹೊಳೆ ತುಂಬಿದಾಗ ಮಾತ್ರ ಹಳ್ಳದ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಎದುರು ನೂಕುತ್ತದೆ. ಆಗ ನೀರು ಹಿಂದಕ್ಕೆ ಸರಿದು ಎರಡೂ ಕಡೆಯ ಗದ್ದೆಗಳಿಗೆ ಹರಡುತ್ತಿತ್ತು. ನಾನು ಮದುವೆಯಾಗಿ ಬಂದ ಕಾಲದಲ್ಲಿ ಅದನ್ನು ಯಾರೂ ಪ್ರವಾಹ ಅನ್ನುತ್ತಿರಲಿಲ್ಲ. "ಗದ್ದೆ ಕುಡೀತೈತೆ, ಸಾಕಾದ್ಮೇಲೆ ಬಿಡ್ತದೆ," ಅನ್ನುತ್ತಿದ್ದರು. ಹಾಗೆಯೇ ಮೂರು ನಾಲ್ಕು ದಿನ ನಿಂತು ಇಳಿದು ಹೋಗುತ್ತಿತ್ತು.

ನಮ್ಮ ಗದ್ದೆಯ ಅಂಚಿನಲ್ಲಿ ಮೊಣಕಾಲೆತ್ತರದ ಕರಿಯ ಕಲ್ಲೊಂದನ್ನು ನೆಟ್ಟಿದ್ದರು. ಗುರುತುಕಲ್ಲು. ನೀರು ಅದರ ನೆತ್ತಿ ಮುಟ್ಟಿದರೆ ನಮ್ಮ ಮನೆಯವರು ಕೂ ಹಾಕಬೇಕು. ಕೆಳಗಿನ ಮನೆಯವರು ಅದನ್ನು ಕೇಳಿ ಒಂದು ಮಾರುಕೂಗು ಕೊಟ್ಟು, ತಮ್ಮ ಕೆಳಗಿನವರಿಗೆ ಕೂಗಬೇಕು. ಹೀಗೆ ಹೊಳೆಯ ದಡದ ಕೊನೆಯ ಮನೆಯವರೆಗೆ. ಕೂಗು ಹೊರಟ ಮೇಲೆ ದನ ಬಿಚ್ಚಿ, ಅಕ್ಕಿ ಅಟ್ಟಕ್ಕೇರಿಸಿ, ಮುದುಕರನ್ನು ದಿಣ್ಣೆಗೆ ಸಾಗಿಸುವಷ್ಟು ಹೊತ್ತು ಸಿಗುತ್ತದೆ ಎಂದು ಲೆಕ್ಕ. ಮಾತು ಬಿಟ್ಟವರಿಗೂ ಕೂ ಬಿಡಬಾರದು ಅಂತ ನನ್ನ ಅತ್ತೆ ಹೇಳಿಕೊಟ್ಟಿದ್ದರು. ಬೇಲಿ ಜಗಳದಲ್ಲಿ ಕೋರ್ಟಿಗೆ ಹೋದ ಮನೆಯವರೂ ಒಬ್ಬರಿಗೊಬ್ಬರು ಕೂಗಿದ್ದನ್ನು ನಾನೇ ಕೇಳಿದ್ದೇನೆ.

ತಂಗಿಯ ಗಂಡ ಹೆತ್ತೂರು ಕಡೆಯ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ವಾರಕ್ಕೊಮ್ಮೆ ಮನೆಗೆ ಬರುವವನು. ಅವನ ತಾಯಿಗೆ ಕಾಲು ಬಿದ್ದು ಹೋಗಿತ್ತು. ಆಸ್ಪತ್ರೆ ಹತ್ತಿರ ಇರಲೆಂದು ಪೇಟೆಯಲ್ಲಿ ಮನೆ ಹುಡುಕುತ್ತಿದ್ದರು. ನಮ್ಮ ಹಳ್ಳದ ಮುಂದಿನ ತಿರುವಿನಲ್ಲಿ ಒಂದು ಮನೆ ಖಾಲಿ ಇತ್ತು. ತಂಗಿ ಬಂದು ನೋಡಿ, ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು.

"ನೀರು ಇಷ್ಟು ಹತ್ರ ಐತಲ್ಲಕ್ಕ. ನಂಗೆ ಭಯ ಆಯ್ತದೆ. ಅತ್ತೇನ ಎತ್ಕೊಂಡು ನಾನೊಬ್ಳೇ ಎಲ್ಲಿಗ್ ಓಡ್ಲಿ?"

"ಮೇಲ್ಗಡೆ ನಾನಿಲ್ವೇನೆ? ನಾನು ಕೂಗೋ ತನಕ ಕಾಲು ಚಾಚ್ಕೊಂಡು ಮಲಗು," ಅಂದೆ.

ಆ ಮಾತಿನ ಮೇಲೆ ಅವಳು ಆ ಮನೆಗೆ ಬಂದಳು.

ನಮ್ಮ ಯಜಮಾನರದು ಕಾಫಿ ಹಣ್ಣಿನ ವ್ಯಾಪಾರ. ಸಣ್ಣ ಬೆಳೆಗಾರರು ತಂದ ಹಣ್ಣು ಕೊಂಡು, ಕಣದಲ್ಲಿ ಒಣಗಿಸಿ ಮಾರುವುದು. ನಮ್ಮ ಕಣ ಚಿಕ್ಕದು. ದಪ್ಪಗೆ ಹರವಿದರೆ ಹಣ್ಣು ಬೂಸಲು ಹಿಡಿಯುತ್ತದೆ. ಒಂದು ವರ್ಷ ಹಾಗೇ ಹಿಡಿದು ಊರೆಲ್ಲ ನಕ್ಕಿತು. ಹಿಂದಿನ ಗದ್ದೆ ನಾಟಿಗೆ ಆಳು ಸಿಗದೆ ಪಾಳು ಬಿದ್ದಿತ್ತು. ಘಾಟಿಯ ರೈಲು ನಿಂತು ಹಳಿ ಬದಲಾಗುತ್ತಿದ್ದ ವರ್ಷಗಳವು. ದೋಣಿಗಲ್ ಹತ್ತಿರ ಗುಡ್ಡ ಜರಿದು, ರಸ್ತೆಯ ಮೇಲಿನ ಮಣ್ಣು ಎತ್ತಿದ ಲಾರಿಗಳು ಅದನ್ನು ಸುರಿಯಲು ಜಾಗ ಹುಡುಕುತ್ತಿದ್ದವು. ಲಾರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದವಳು ನಾನು. ಯಜಮಾನರು, "ಹಳ್ಳದ ಅಂಚು ಬಿಟ್ಟು ಹಾಕ್ಸು," ಅಂತ ಹೇಳಿ ಸಂತೆಗೆ ಹೋದರು. ನಾನು ಇನ್ನೊಂದು ಮಾರು, ಇನ್ನೊಂದು ಮಾರು ಅನ್ನುತ್ತಾ ಹೋದೆ. ಗದ್ದೆಯೆಲ್ಲ ಮುಚ್ಚಿ ಅಂಚಿಗೆ ಬಂದಾಗ ಲಾರಿಯವನು ಕೆಳಗಿಳಿದು ಕೇಳಿದ:

"ಅಕ್ಕೋ, ಇಲ್ಲೊಂದು ಕಲ್ಲು ನೆಟ್ಟವ್ರೆ. ದೇವ್ರು ಗೀವ್ರು ಅಲ್ಲ ತಾನೆ? ಕೀಳದಾ, ಮುಚ್ಚದಾ?"

ಯಜಮಾನರು ಹೋದ ಸಂತೆಯ ದಾರಿ ನೋಡಿದೆ. ಆಮೇಲೆ ಮುಚ್ಚು ಅಂದೆ.

ಕಣ ಚೆನ್ನಾಗಿ ಬಂತು. ಮಟ್ಟ ಹೊಡೆಸಿ, ಸಗಣಿ ಸಾರಿಸಿ, ಮೊದಲ ಹಣ್ಣು ಹರವಿದ ದಿನ ತಂಗಿ ಬಂದಿದ್ದಳು. "ಇಲ್ಲೇ ಚಪ್ರ ಹಾಕಿ ಮದ್ವೆ ಮಾಡ್ಬೋದು ಕಣಕ್ಕ," ಅಂದು ಸುತ್ತ ನೋಡಿದಳು. ನಂತರ, "ಕಲ್ಲೆಲ್ಲೋಯ್ತು?" ಅಂದಳು.

"ನೀರು ನೋಡಾಕೆ ಕಲ್ಲು ಬೇಕೇನೆ? ನಂಗೆ ಕಣ್ಣಿಲ್ವಾ?"

ಅವಳು ನಕ್ಕಳು. ನಾನು ಹೇಳಿದರೆ ಅವಳು ನಂಬುತ್ತಿದ್ದಳು.

ತುಂಬಿಸಿದವರು ನಾವೊಬ್ಬರೇ ಅಲ್ಲ. ಎದುರು ದಡದಲ್ಲಿ ಒಂದು ಗ್ಯಾರೇಜು ಬಂತು. ಅದರ ಕೆಳಗೆ ಎರಡು ಮನೆ ಎದ್ದವು. ಹೊಟ್ಟು, ಹಳೇ ಹೆಂಚು, ಕಟ್ಟಡ ಒಡೆದ ಚೂರು, ಎಲ್ಲವೂ ಹಳ್ಳಕ್ಕೇ. ಆದರೆ ಅವರ ಮಾತು ಅವರು ಹೇಳಿಕೊಳ್ಳಲಿ. ಕಲ್ಲು ಮುಚ್ಚಿಸಿದವಳು ನಾನು.

ಅದಾದ ಎರಡನೆಯ ಮಳೆಗಾಲ, ಪುಷ್ಯ ಮಳೆ. ಯಜಮಾನರು ಹಾಸನಕ್ಕೆ ಹೋಗಿದ್ದರು. ಮಧ್ಯಾಹ್ನ ಊಟ ಮುಗಿದಿತ್ತು. ಬೆಳಗಿನಿಂದ ಸುರಿಯುತ್ತಿದ್ದ ಮಳೆಯ ಸದ್ದಿನ ಒಳಗೆ ಇನ್ನೊಂದು ಸದ್ದು ಕೇಳಿತು. ಹಳ್ಳದ ತಳದಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ತಾಕುವ ಸದ್ದು. ಗೋಣಿ ಹೊದ್ದು ಹಿತ್ತಿಲಿಗೆ ಹೋದೆ. ನೀರು ಕೆಂಪಗೆ, ಕಣದ ಅಂಚಿಗೆ ಬಂದು ನಿಂತಿತ್ತು. ನಿಂತಿತ್ತು ಅಂದೆನಲ್ಲ, ತಪ್ಪು. ಹರಡಲು ಬಂದು, ಗದ್ದೆ ಸಿಗದೆ, ನನ್ನ ಕಣದ ಮಣ್ಣಿಗೆ ಮೈ ಉಜ್ಜಿಕೊಂಡು ತಿರುಗಿ ಕೆಳಕ್ಕೆ ನುಗ್ಗುತ್ತಿತ್ತು. ಅಷ್ಟು ರಭಸದ ನೀರನ್ನು ನಾನು ಆ ಹಳ್ಳದಲ್ಲಿ ಕಂಡಿರಲಿಲ್ಲ. ಕೆಳಗೆ ತಿರುವು. ತಿರುವಿನಲ್ಲಿ ತಂಗಿಯ ಮನೆ.

ಬಾಯಿ ತೆರೆದೆ. ಕೂ ಗಂಟಲಿಗೆ ಬಂದಿತ್ತು.

ಆಗಲೇ ನನಗೆ ಕಂಡದ್ದು: ಕೂಗಿದರೆ ನೀರಿನ ಮಟ್ಟ ನೋಡಲು ಎಲ್ಲರೂ ಇಲ್ಲಿಗೇ ಓಡಿ ಬರುತ್ತಾರೆ. ಬಂದವರು ನೀರು ಎಲ್ಲಿ ತಿರುಗುತ್ತಿದೆ ಎಂದು ನೋಡುತ್ತಾರೆ. ಕಲ್ಲೆಲ್ಲಿ ಅನ್ನುತ್ತಾರೆ. ನೀರು ಇನ್ನು ಏರಲಿಕ್ಕಿಲ್ಲ ಅಂದುಕೊಂಡೆ. ಕಲ್ಲಿದ್ದಿದ್ದರೆ ನೆತ್ತಿ ಮುಟ್ಟಿರುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು ಅಂತಲೂ ಅಂದುಕೊಂಡೆ. ಅದು ಎಂದೋ ಮುಟ್ಟಿ ದಾಟಿದೆ ಎಂದು ನನಗೆ ಗೊತ್ತಿತ್ತು. ಒಳಗೆ ಹೋಗಿ ಕಾಫಿ ಮೂಟೆಗಳನ್ನು ಗೋಡೆಯಿಂದ ಈಚೆಗೆ ಎಳೆಯತೊಡಗಿದೆ. ಒದ್ದೆಯಾಗದ ಮೂಟೆಗಳು. ಅವನ್ನು ಯಾಕೆ ಎಳೆದೆ ಎಂದು ಇವತ್ತಿಗೂ ಹೇಳಲಾರೆ. ಎಳೆದು ಎಳೆದು ಸಾಕಾದ ಮೇಲೆ ಕೊಡೆಯೂ ಇಲ್ಲದೆ ರಸ್ತೆಗೆ ಓಡಿದೆ.

ತಿರುವಿಗೆ ಹೋಗುವಷ್ಟರಲ್ಲಿ ತಂಗಿಯ ಮನೆಯೊಳಗೆ ಸೊಂಟ ಮುಳುಗುವ ನೀರು. ಬಾಗಿಲಿನಿಂದ ಒಂದು ಮಣೆ, ಒಂದು ಚಪ್ಪಲಿ ತೇಲಿ ಬಂದವು. ಅವಳು ಅಡುಗೆಮನೆಯ ಮೇಜಿನ ಮೇಲೆ ಅತ್ತೆಯನ್ನು ಕೂರಿಸಿ, ಮೇಜು ತೇಲದ ಹಾಗೆ ತನ್ನ ಮೈಯನ್ನೇ ಒತ್ತಿ ಹಿಡಿದು ನಿಂತಿದ್ದಳು. ಎದುರು ದಿಣ್ಣೆಯ ಮನೆಯ ಗಂಡಸರು ಹಗ್ಗ ಕಟ್ಟಿಕೊಂಡು ಇಳಿದು ಮುದುಕಿಯನ್ನು ಬೆನ್ನ ಮೇಲೆ ಹೊತ್ತು ತಂದರು. ತಂಗಿ ಕೊನೆಗೆ ಬಂದಳು. ತುಟಿ ನೀಲಿಯಾಗಿತ್ತು. ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ಮಾತು ಬಿಡಿಬಿಡಿಯಾಗಿ ಬಂತು.

"ಕೂಗ್ದ್ಯಾ ಅಕ್ಕ?"

"ಕೂಗ್ದೆ ಕಣೆ. ಮಳೆ ಸದ್ದಿಗೆ ನಿಂಗೆ ಕೇಳ್ಲಿಲ್ಲ."

ಕೂಗದೆ ಇದ್ದದ್ದು ಹೆದರಿಕೆಯಿಂದ. ಈ ಸುಳ್ಳನ್ನು ಮಾತ್ರ ತಡವರಿಸದೆ ಹೇಳಿದೆ.

ಮನೆ ಒಣಗುವ ತನಕ ಅವರಿಬ್ಬರೂ ನಮ್ಮಲ್ಲಿದ್ದರು. ಬಿಸಿಲು ಬಂದ ದಿನ ಅವರ ಹಾಸಿಗೆ, ಸೀರೆಗಳನ್ನು ಕಣದಲ್ಲೇ ಹರವಿದೆವು. ತಂಗಿಯ ಅತ್ತೆ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. "ದೊಡ್ಡೋಳೆ, ಕಣ ಚೆನ್ನಾಗೈತೆ ಕಣವ್ವ. ನನ್ನೂ ಒಂದು ಬುಟ್ಟಿ ಹಣ್ಣಿನ ಜೊತೆ ಹರವ್ಬುಡು. ಆಗಾಗ ಮಗ್ಗುಲು ತಿರುಗ್ಸು, ಬೂಸಲು ಹಿಡಿದಾತು," ಅಂದರು. ಎಲ್ಲರೂ ನಕ್ಕರು. ಅವರು ತಮಾಷೆಗೆ ಅಂದರೋ ತಿಳಿದು ಅಂದರೋ ಎಂದು ನನಗೆ ಗೊತ್ತಾಗಲಿಲ್ಲ.

ಸುಳ್ಳು ಅಲ್ಲಿಗೇ ನಿಲ್ಲುತ್ತದೆ ಅಂದುಕೊಂಡಿದ್ದೆ. ಮಳೆ ನಿಂತು ಸ್ವಲ್ಪ ದಿನಕ್ಕೆ ತಂಗಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಕಿವಿಗೆ ಬಿಟ್ಟುಕೊಂಡು, ಹತ್ತಿ ಇಟ್ಟುಕೊಂಡು ಓಡಾಡುವುದು ಕಂಡೆ. ನೋವಾ ಅಂದೆ. "ನೋವಿಲ್ಲ. ಕೇಳಲ್ಲ ಕಣಕ್ಕ. ನೀನು ಅಷ್ಟು ಕೂಗಿದ್ರೂ ಕೇಳ್ಲಿಲ್ವಲ್ಲ," ಅಂದಳು. ಡಾಕ್ಟರಿಗೂ ತೋರಿಸಿದಳು. ಏನೂ ಇಲ್ಲ ಅಂದರಂತೆ. ಅವರನ್ನು ಅವಳು ನಂಬಲಿಲ್ಲ, ನನ್ನನ್ನು ನಂಬಿದ್ದಳು. ಬಿಸಿಲಿನ ದಿನಗಳಲ್ಲಿ, "ಅಕ್ಕ, ಕಣದಲ್ಲಿ ನಿಂತು ಒಂದ್ಸಲ ಕೂಗು, ನೋಡೋಣ," ಅನ್ನುವಳು. ನಾನು ಕೂಗುತ್ತಿದ್ದೆ. ತಿರುವಿನಿಂದ ಅವಳ ಮಾರುಕೂಗು ತಕ್ಷಣ ಬರುತ್ತಿತ್ತು. ಆಮೇಲೆ ಮೇಲಕ್ಕೆ ಹತ್ತಿ ಬಂದು, "ಬಿಸ್ಲಲ್ಲಿ ಕೇಳ್ತದೆ. ಮಳೇಲೇ ಹೋಗ್ಬುಡ್ತದೆ," ಅಂತ ಮಂಕಾಗಿ ಕೂರುವಳು.

ಮುಂದಿನ ಮಳೆಗಾಲ ಅವಳು ಹಿತ್ತಿಲ ಹೊಸ್ತಿಲು ಬಿಟ್ಟು ಏಳಲಿಲ್ಲ. ಅಕ್ಕಿ ಆರಿಸುವುದೂ ಅಲ್ಲಿ, ಊಟವೂ ಅಲ್ಲಿ, ಕಣ್ಣು ನೀರಿನ ಮೇಲೆ. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ತನ್ನ ಕೆಳಗಿನ ಮನೆಯವರಿಗೆಲ್ಲ ಅವಳು ಹೇಳಿಬಂದಿದ್ದಳು: "ನನ್ನ ಕೂಗು ಕಾಯಬ್ಯಾಡ್ರವ್ವ. ನಂಗೆ ಕಿವಿ ಮಂದ ಆಗೈತೆ." ಅವರೂ ಯೋಚಿಸಿದರು. ಇಷ್ಟು ಹತ್ತಿರದ ಅಕ್ಕನ ಕೂಗೇ ತಂಗಿಗೆ ಕೇಳದಿದ್ದರೆ, ಕೂಗನ್ನು ನಂಬಿ ಯಾರು ಕೂರುತ್ತಾರೆ? ಹೊಳೆಯ ದಡದವರೆಗೂ ಮಳೆ ಬಂದರೆ ಪ್ರತಿ ಮನೆಯಲ್ಲಿ ಒಬ್ಬರು ಬಾಗಿಲಲ್ಲಿ ಕುಳಿತರು. ತಲೆಮಾರುಗಳಿಂದ ಇಳಿದು ಬಂದಿದ್ದ ಕೂಗು ನನ್ನ ಒಂದು ಸುಳ್ಳಿಗೆ ಕಡಿದು ಹೋಯಿತು. ಮಳೆಯಾದರೂ ಮೊದಲಿನ ಹಾಗಿದೆಯೇ? ವಾರ ಸುರಿಯಬೇಕಾದದ್ದು ಒಂದೇ ದಿನ ಸುರಿಯುತ್ತದೆ. ಇನ್ನೊಮ್ಮೆ ನೀರು ನುಗ್ಗಿದರೆ ಈ ಸಲ ಯಾರಾದರೂ ಹೋಗುತ್ತಾರೆ, ಮೊದಲು ಹೋಗುವವಳು ಅವಳೇ ಎಂದು ನನಗೆ ದಿನಾ ಅನ್ನಿಸುತ್ತಿತ್ತು.

ಆ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಹಳ್ಳದ ಮನೆಗಳವರೆಲ್ಲ ಸೇರಿದರು. ಮಳೆಗೆ ಮುಂಚೆ ಹಳ್ಳವನ್ನು ಹಿಂದಿನ ಅಗಲಕ್ಕೆ ಬಿಡಿಸಬೇಕು, ತುಂಬಿಸಿದವರು ತುಂಬಿಸಿದ್ದನ್ನು ತೆಗೆಯಬೇಕು ಎಂದು ಮಾತಾಗಿ, ಮೇಲಿನ ತುದಿಯಿಂದ ನೋಡುತ್ತಾ ಬರೋಣವೆಂದು ನಮ್ಮ ಕಣಕ್ಕೇ ಬಂದರು. ದಿಣ್ಣೆಯ ಮನೆಯ ಹಿರಿಯರು ಕಣದ ಅಂಚಿನಲ್ಲಿ ಕೋಲು ಊರಿ ನಿಂತು, "ಗುರುತುಕಲ್ಲು ಇಲ್ಲೇ ಇರ್ಬೇಕಲ್ಲ ಮಾರಾಯ, ಏನು ಕಾಲು ಬಂದು ನಡ್ಕಂಡ್ ಹೋಯ್ತಾ?" ಅಂತ ನಮ್ಮ ಯಜಮಾನರನ್ನು ಕೇಳಿದರು.

"ಎಲ್ರೂ ತುಂಬ್ಸವ್ರೆ. ನಮ್ಮ ಕಣವೇ ಕಣ್ಣಿಗೆ ಬಿತ್ತಾ ನಿಮ್ಗೆ?" ಯಜಮಾನರ ದನಿ ಏರಿತು. ಮಾತಿಗೆ ಮಾತು ಬೆಳೆಯಿತು. ಯಾರೋ, ಮೇಲಿನ ಮನೆಯವರು ಸರಿಯಿದ್ದಿದ್ದರೆ ತಿರುವಿನ ಮನೆಗೆ ಆ ಗತಿ ಬರುತ್ತಿರಲಿಲ್ಲ ಅಂದರು.

ಆಗ ತಂಗಿ ಮುಂದೆ ಬಂದಳು. ಗಂಡಸರ ನಡುವೆ ಮಾತಾಡಿದವಳೇ ಅಲ್ಲ ಅವಳು.

"ನಮ್ಮಕ್ಕನ್ನ ಅನ್ಬ್ಯಾಡಿ. ಅವ್ಳು ಅವತ್ತು ಕೂಗವ್ಳೆ. ನನ್ನ ಕಿವೀದು ತಪ್ಪು."

ಅಷ್ಟು ಜನರ ಮುಂದೆ ಅವಳು ತನ್ನ ಕಿವಿಯನ್ನು ಮುಟ್ಟಿ ತೋರಿಸಿದಳು. ಹತ್ತಿ ಅಲ್ಲೇ ಇತ್ತು. ನನ್ನ ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಹೇಳಿದರೆ ಇವರೆಲ್ಲ ನನ್ನನ್ನು ಏನೆಂದು ನೋಡುತ್ತಾರೆ ಎಂಬ ಭಯ ಒಂದು ಕಡೆ. ಹೇಳದಿದ್ದರೆ ಇವಳು ಮುಂದಿನ ಮಳೆಗೂ ಹೀಗೇ ಹೊಸ್ತಿಲಲ್ಲಿ ಕೂರುತ್ತಾಳೆ.

"ನಾನು ಕೂಗ್ಲಿಲ್ಲ," ಅಂದೆ.

ಯಾರಿಗೂ ಸರಿಯಾಗಿ ಕೇಳಲಿಲ್ಲ. ಅವಳಿಗೆ ಕೇಳಿತು. ನನ್ನ ಕಡೆ ತಿರುಗಿದಳು.

"ನೀರು ಕಂಡೆ. ಕೂಗ್ಲಿಲ್ಲ. ಕಲ್ಲು ಮುಚ್ಸಿದ್ದು ಎಲ್ರಿಗೂ ಕಾಣ್ತದಲ್ಲ ಅಂತ. ಆಮೇಲೆ ನಿಂಗೆ ಸುಳ್ಳು ಹೇಳ್ದೆ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಉಸಿರಾಡುತ್ತಿದ್ದೆ. ಅವಳು ಕಿವಿಯ ಹತ್ತಿಯನ್ನು ತೆಗೆದಳು, ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಹಂಗಾದ್ರೆ ನನ್ನ ಕಿವಿ ಸರಿ ಐತೆ," ಅಂದಳು.

ಇಳಿದು ಮನೆಗೆ ಹೋದಳು.

ಕಣ ತೆಗೆದೆವು. ಯಜಮಾನರು ನನ್ನೊಂದಿಗೆ ಬಹಳ ದಿನ ಮಾತಾಡಲಿಲ್ಲ, ಆದರೆ ಅಡ್ಡ ಬರಲಿಲ್ಲ. ದೋಣಿಗಲ್ ಗುಡ್ಡದ ಆ ಮಣ್ಣನ್ನು ಹಾಕುವಾಗ ಲಾರಿಗೆ ಬೇಕಾದದ್ದು ಒಂದು ಗಳಿಗೆ; ತೆಗೆಯಲು ಬೇಸಿಗೆಯೆಲ್ಲ ಹಿಡಿಯಿತು. ಕಲ್ಲು ಓರೆಯಾಗಿ ಸಿಕ್ಕಿತು. ಹಿರಿಯರು ಹಳೆಯ ಮಟ್ಟ ನೋಡಿ ನೆಡಿಸಿದರು. ಗ್ಯಾರೇಜಿನವರು ಅರ್ಧ ತೆಗೆದರು, ಉಳಿದರ್ಧ ಹಾಗೇ ಇದೆ. ಕೆಳಗಿನ ಆ ಎರಡು ಮನೆಗಳನ್ನು ಯಾರು ತೆಗೆಸುತ್ತಾರೆ? ನಮ್ಮ ಗದ್ದೆಯನ್ನು ಯಾರೂ ಉಳಲಿಲ್ಲ. ಮಳೆ ಬೀಳುತ್ತಲೇ ಜೊಂಡು ಎದ್ದಿತು, ಕಪ್ಪೆಗಳು ಬಂದವು.

ಆ ಸಲ ನೀರು ಬಂದದ್ದು ಆಶ್ಲೇಷ ಮಳೆಗೆ, ಬೆಳಗಿನ ಹೊತ್ತು. ಗದ್ದೆ ಕುಡಿಯುತ್ತಾ ಕುಡಿಯುತ್ತಾ ತುಂಬಿತು. ನಾನು ಕಲ್ಲಿನ ಪಕ್ಕದಲ್ಲೇ ಇದ್ದೆ. ನೀರು ನೆತ್ತಿಯನ್ನು ಒಮ್ಮೆ ನೆಕ್ಕಿ ಇಳಿಯಿತು, ಮತ್ತೆ ಬಂದು ನಿಂತಿತು. ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂ ಹಾಕಿದೆ.

ಬರೀ ಮಳೆ. ಕಿವಿಗೊಟ್ಟು ನಿಂತೆ. ಅವತ್ತಿನಿಂದ ಮಾತು ಬಿಟ್ಟ ತಂಗಿ ಕೇಳಿಯೂ ಸುಮ್ಮನಿದ್ದಾಳೋ, ಆಗಲೇ ನೀರು ಒಳಗೆ ಬಂತೋ. ಬಗ್ಗಿ ಕಲ್ಲನ್ನು ಹಿಡಿದುಕೊಂಡೆ. ಇನ್ನೊಮ್ಮೆ ಕೂಗಲು ಬಾಯಿ ತೆರೆದಾಗ ಬಂತು. ಗಿಡ್ಡ ಕೂಗು, ಒಂದೇ ಒಂದು. ಅದರ ಹಿಂದೆಯೇ ಅವಳು ಕೆಳಗಿನ ಮನೆಗೆ ಕೂಗಿದ್ದು ಕೇಳಿತು. ಅದು ಉದ್ದವಾಗಿತ್ತು. ಆಮೇಲೆ ಅದಕ್ಕೂ ಕೆಳಗಿನಿಂದ ಇನ್ಯಾರದೋ ದನಿ.

ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಜನ ಕಂಡರು. ಕುರ್ಚಿಯಲ್ಲಿ ಕೂರಿಸಿ ಮುದುಕಿಯನ್ನು ಹೊತ್ತಿದ್ದರು, ತಂಗಿ ಕೊಡೆ ಹಿಡಿದು ಹಿಂದೆ ನಡೆಯುತ್ತಿದ್ದಳು. ನಾನು ಅವರಿಗೆಂದು ಬೆಳಗಿನ ಜಾವವೇ ಒಲೆ ಹೊತ್ತಿಸಿ, ಒಳಕೋಣೆಯಲ್ಲಿ ಹಾಸಿಗೆ ಬಿಡಿಸಿಟ್ಟಿದ್ದೆ. ಅವರು ನಮ್ಮ ಕಡೆ ಹತ್ತಲಿಲ್ಲ. ಎದುರು ದಿಣ್ಣೆಯ ಮನೆಗೆ ಹೋದರು.

ನೀರು ಇಳಿದು ಕಲ್ಲಿನ ನೆತ್ತಿ ಕಾಣುವ ತನಕ ನಾನು ಅಲ್ಲೇ ನಿಂತಿದ್ದೆ.