ಮೊದಲ ಸಾವಿರ ಕಿಲೋಮೀಟರ್

ಮದುವೆಯಾಗಿ ಕುಂದಾಪುರದಿಂದ ಚೆನ್ನೈನ ಮೈಲಾಪೂರಿಗೆ ಬಂದ ತಿಂಗಳಲ್ಲೇ ಮಾವನ ಹೋಟೆಲಿಗೆ ಗ್ಯಾಸಿನಲ್ಲಿ ಓಡುವ ಸಣ್ಣ ಗೂಡ್ಸ್ ಗಾಡಿ ಬಂತು. ಊರಿನಲ್ಲೇ ಲೈಸೆನ್ಸ್ ಮಾಡಿಸಿಕೊಂಡಿದ್ದರಿಂದ ಗಿಂಡಿಯ ಒಂದು ಕ್ಯಾಂಟೀನಿಗೆ ತಿಂಡಿ ಮುಟ್ಟಿಸುವ ಕೆಲಸ ನನ್ನದಾಯಿತು. ಕಲಿಸಲು ಮಾವ ಪಕ್ಕದಲ್ಲಿ ಕೂತರು.

ಆ ಗಾಡಿಯ ಮೇಲೆ ಅವರಿಗೆ ಬಾಣಂತಿಯ ಮೇಲಿರುವಷ್ಟು ಕಾಳಜಿ. ಸ್ಟಾರ್ಟ್ ಮಾಡಿ ಒಂದು ನಿಮಿಷ ಸುಮ್ಮನಿರಬೇಕು. ಮೊದಲ ಸಾವಿರ ಕಿಲೋಮೀಟರ್ ನಲವತ್ತರ ವೇಗ ದಾಟಬಾರದು, ಅರ್ಧಕ್ಕಿಂತ ಹೆಚ್ಚು ಭಾರ ಹೇರಬಾರದು. "ಹೊಸತಲ್ದಾ, ಪಳಗ್ಬೇಕು" ಎನ್ನುತ್ತಿದ್ದರು.

ಮೊದಲ ದಿನ ಕ್ಯಾಂಟೀನಿನ ಮುಂದಿನ ಏರಿನಲ್ಲಿ ಗಾಡಿ ನಿಲ್ಲಿಸಿದೆ. "ಹ್ಯಾಂಡ್‌ಬ್ರೇಕ್! ಇಳು, ಇಳು!" ಎಂದರು ಮಾವ. ನನಗೆ ಇಳಿ ಎಂದಂತೆ ಕೇಳಿಸಿತು. ಬಾಗಿಲು ತೆಗೆದು ಇಳಿದೇಬಿಟ್ಟೆ. ಗಾಡಿ ಮಾವನ ಸಮೇತ ಹಿಂದಕ್ಕೆ ಹೊರಟಿತು. ಅವರೇ ಬಾಗಿ ಬ್ರೇಕ್ ಎಳೆಯುವಷ್ಟರಲ್ಲಿ ಅರ್ಧ ಸಾಂಬಾರ್ ಚೆಲ್ಲಿತ್ತು.

"ಇಳು ಅಂದ್ರೆ ಎಳಿ ಅಂತ! ಅಷ್ಟೂ ತಮಿಳು ಗೊತ್ತಿಲ್ಯಾ ನಿಂಗೆ?" ಎಂದು ರೇಗಿದರು.

ನನಗೂ ಸಿಟ್ಟು ನೆತ್ತಿಗೇರಿತು. "ನಾನೂ ಹೊಸಬಳೇ ಮಾವ. ನಂಗೂ ಇನ್ನೂ ಸಾವಿರ ಆಯ್ಲಿಲ್ಲ" ಎಂದೆ.

ಅವರು ಬಟ್ಟೆ ತೆಗೆದುಕೊಂಡು ಇಳಿದರು. ಚೆಲ್ಲಿದ್ದನ್ನು ತಾವೇ ಒರೆಸಿದರು.

ಮರುದಿನ ಅದೇ ಏರಿನಲ್ಲಿ ಗಾಡಿ ನಿಂತಾಗ ಮಾವ ಬಾಯಿ ತೆರೆದರು. ಮೂವತ್ತು ವರ್ಷ ತಮಿಳಿನಲ್ಲೇ ವ್ಯಾಪಾರ ಮಾಡಿದ ನಾಲಿಗೆ ಒಂದು ಕ್ಷಣ ತಡವರಿಸಿತು. ಆಮೇಲೆ ಮೆಲ್ಲಗೆ ಹೇಳಿದರು: "ಎಳಿ ಮಗಾ."