ದವಡೆಗೆ ಹಿಡಿದ ಗಾಳದ ಕೋಲು

ಸಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಇಳಿದಾಗ ಅಲ್ಲಿ ಮಧ್ಯಾಹ್ನ ಎರಡು ಗಂಟೆ. ನನ್ನ ಹೊಟ್ಟೆ ಮಾತ್ರ ಇನ್ನೂ ಮಲ್ಪೆಯ ಗಡಿಯಾರ ನೋಡುತ್ತಿತ್ತು. ತಂಗಿ ಉಷಾ ಹೊರಗೆ ಕಾದಿದ್ದಳು. ಈ ಹೊತ್ತಿಗೆ ಫ್ರೀವೇಯಲ್ಲಿ ಟ್ರಾಫಿಕ್ಕು ಜಾಸ್ತಿ, ರೈಲೇ ವಾಸಿ ಎಂದು ನನ್ನನ್ನೂ ನನ್ನ ಗಂಡನನ್ನೂ ರೈಲಿಗೇ ಹತ್ತಿಸಿದಳು. ಅವಳ ಮನೆ ಇರುವ ವಾಲ್ನಟ್ ಕ್ರೀಕಿಗೆ ಒಂದೇ ರೈಲು, ಎಲ್ಲೂ ಬದಲಿಸುವುದು ಬೇಡ, ಒಂದು ಗಂಟೆಯ ಮೇಲೆ ಸ್ವಲ್ಪ. ನಾವು ಮೂವರೂ ಮಾತಾಡುವುದು ತುಳು. ನಮ್ಮ ಮಹಿಳಾ ಮಂಡಳಿಯ ಕೈಬರಹದ ಪತ್ರಿಕೆಗೆ ಕೇಳಿದ್ದಾರೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪೇಟೆಯ ದೊಡ್ಡ ದೊಡ್ಡ ಕಟ್ಟಡಗಳ ಕೆಳಗೆ ನುಗ್ಗಿದ ರೈಲು ಮೇಲೆ ಬರಲೇ ಇಲ್ಲ. ಕಿವಿ ಗುಂಯ್ ಎಂದಿತು. "ಬಾವ, ಈಗ ನಮ್ಮ ತಲೆ ಮೇಲೆ ಸಮುದ್ರ ಉಂಟು," ಎಂದಳು ಉಷಾ. ಅಯ್ಯೋ ದೇವರೇ! ಮೂವತ್ತು ವರ್ಷ ನೀರಿನ ಮೇಲೆ ಬದುಕಿದ ನಮ್ಮವರು ಈಗ ನೀರಿನ ಅಡಿಯಲ್ಲಿ, ಅದೂ ಕುಶನ್ ಸೀಟಿನಲ್ಲಿ ಕುಳಿತು ಹೋಗುತ್ತಿದ್ದರು. ಅವರು ಕಿಟಕಿಯ ಗಾಜಿಗೆ ಬೆರಳ ತುದಿ ಒತ್ತಿ ಸ್ವಲ್ಪ ಹೊತ್ತು ಹಿಡಿದರು. ಆಮೇಲೆ ಕೈಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಆ ಬೆರಳುಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮವರು ಬೋಟಿನ ತಾಂಡೇಲ, ಅಂದರೆ ಚುಕ್ಕಾಣಿ ಹಿಡಿದು ಬೋಟನ್ನೂ ಜನರನ್ನೂ ನಡೆಸುವವರು. ಬಲೆ ಎಳೆದು ವಾಪಸ್ಸು ಬರುವಾಗ ಬೋಟಿನ ಹಿಂದೆ ಉದ್ದಕ್ಕೆ ದಾರ ಬಿಟ್ಟು ಅಂಜಲ್ ಮೀನು ಹಿಡಿಯುವುದು ಅವರ ಹುಚ್ಚು. ದಾರ ತೋರುಬೆರಳಿನ ಮೇಲೆ ಹಾದುಹೋಗಬೇಕು. ಮೀನು ಬಂತೋ, ಕಸ ಸಿಕ್ಕಿತೋ, ಎಲ್ಲ ಆ ಬೆರಳೇ ಹೇಳುತ್ತಿತ್ತಂತೆ. ನಾನು ನೋಡಿದ್ದಿಲ್ಲ. ನಮ್ಮ ಕಡೆ ಹೆಂಗಸರು ಮೀನುಗಾರಿಕೆಯ ಬೋಟಿಗೆ ಕಾಲಿಡುವುದಿಲ್ಲ. ಅವರು ತಂದದ್ದನ್ನು ಬೋಟು ನಿಲ್ಲುವ ದಕ್ಕೆಯಲ್ಲಿ ಬುಟ್ಟಿಗೆ ತುಂಬಿಸಿ ಮಾರಿದವಳು ನಾನು. ಅವರಿಗೆ ಸಕ್ಕರೆ ಕಾಯಿಲೆ ಬಂದು ಎರಡೂ ಕೈಯ ಬೆರಳು ಜೋಮು ಹಿಡಿದವು, ಆ ಜೋಮು ಬಿಡಲೇ ಇಲ್ಲ. ಬಿಸಿ ಪಾತ್ರೆ ಮುಟ್ಟಿದರೆ ಗುಳ್ಳೆ ಎದ್ದ ಮೇಲೆ ಗೊತ್ತಾಗುವುದು. ಎರಡು ವರ್ಷದ ಹಿಂದೆ ಬೋಟು ಬಿಟ್ಟರು. ಅಂದಿನಿಂದ ದಾರ ಮುಟ್ಟಿಲ್ಲ, ನಕ್ಕದ್ದೂ ಇಲ್ಲ ಎನ್ನಬೇಕು.

ಉಷಾ ಸುಮ್ಮನಿರುವವಳಲ್ಲ. ಅವಳ ಪಕ್ಕದ ಮನೆಯಲ್ಲಿ ಡೇಲ್ ಎಂಬ ಬಿಳಿ ಗಡ್ಡದವರು ಇದ್ದಾರೆ, ಮಿನೆಸೋಟ ಎಂಬ ಚಳಿ ರಾಜ್ಯದವರು. ಅವರಿಗೆ ಸ್ವಂತ ಬೋಟು ಉಂಟು. "ಶನಿವಾರ ಬಾವನನ್ನು ಮೀನು ಹಿಡಿಯಲಿಕ್ಕೆ ಕರೆದುಕೊಂಡು ಹೋಗ್ತಾರಂತೆ," ಎಂದಳು. ನಮ್ಮವರು ಬೇಡ ಎಂದರು. ನಾನು, "ಇಷ್ಟು ದೂರ ಬಂದು ಸೋಫಾದಲ್ಲಿ ಕೂರುವುದಾದರೆ ಮನೆಯಲ್ಲೇ ಕೂರಬಹುದಿತ್ತಲ್ಲ ಮಾರಾಯ್ರೆ!" ಎಂದು ಬೈದೆ. ಬೈದದ್ದಕ್ಕೆ ಒಪ್ಪಿದರು.

ಶುಕ್ರವಾರ ಡೇಲ್ ಜೊತೆ ಗಾಳದ ಸಾಮಾನಿನ ಅಂಗಡಿಗೆ ಹೋದೆವು, ಕಾರಿನಲ್ಲಿ ಹದಿನೈದು ನಿಮಿಷ. ಒಳಗೆ ಹೋದವಳು ನಾನು ಬಾಯಿ ಮುಚ್ಚಲೇ ಇಲ್ಲ. ಒಂದು ಇಡೀ ಗೋಡೆ ಬರೀ ದಾರ. ಹಳದಿ, ಹಸಿರು, ನೀಲಿ, ನೀರಿನ ಬಣ್ಣದ್ದು, ಒಳಗೆ ಸೀಸ ತುಂಬಿದ್ದು. ನಮ್ಮಲ್ಲಿ ದಪ್ಪ ದಾರ, ಸಪೂರ ದಾರ, ಮುಗಿಯಿತು. ಇಲ್ಲಿ ಸೀರೆ ಅಂಗಡಿಯ ಹಾಗೆ ಒಂದೊಂದಾಗಿ ತೆಗೆದು ತೋರಿಸುತ್ತಾರೆ. ಇನ್ನೊಂದು ಗೋಡೆಯಲ್ಲಿ ಕೊಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಮೀನುಗಳು, ಬೋಟು ಎಳೆದಂತೆ ನೀರಿನಲ್ಲಿ ಒದ್ದಾಡುತ್ತಾ ಹೋಗುವಂಥವು.

ಎಳೆ ಎಳೆ ಸೇರಿಸಿ ಹೆಣೆದ ದಾರದ ಒಂದು ರೀಲನ್ನು ಡೇಲ್ ತೆಗೆದರು. ಅವರು ಹೇಳಿದ್ದನ್ನು ಉಷಾ ನಮಗೆ ಹೇಳಿದಳು. ಅವರ ಊರಿನ ಕೆರೆಗಳಲ್ಲಿ ವಾಲೈ ಎಂಬ ಮೀನು ಉಂಟು, ಗಾಜಿನಂಥ ಕಣ್ಣು, ಕಚ್ಚಿದ್ದೇ ಗೊತ್ತಾಗದಷ್ಟು ಮೆಲ್ಲಗೆ ಕಚ್ಚುತ್ತದೆ. ಹೆಣೆದ ದಾರ ಸಪೂರ, ನೀರನ್ನು ಸೀಳಿಕೊಂಡು ಹೋಗುವುದರಿಂದ ಪ್ಲಾಸ್ಟಿಕ್ ಮೀನು ಆಳಕ್ಕಿಳಿಯುತ್ತದೆ. ಅದು ರಬ್ಬರಿನ ಹಾಗೆ ಹಿಗ್ಗುವುದೂ ಇಲ್ಲ, ಆದ್ದರಿಂದ ನೀರಿನಡಿ ಆದದ್ದು ಕೈಗೆ ಗೊತ್ತಾಗುತ್ತದೆ. ನೈಲಾನ್ ದಾರ ಹಿಗ್ಗುತ್ತದೆ, ಮೀನಿನ ಬಾಯಿ ಹರಿಯುವುದಿಲ್ಲ, ಅದಕ್ಕೂ ಅದರದ್ದೇ ಗುಣ ಉಂಟು. ಇಲ್ಲಿಯ ಪಟ್ಟೆ ಬಾಸ್ ಮೀನಿಗೆ ತಾನು ಹಾಕುವುದು ಈ ಹೆಣೆದ ದಾರವನ್ನೇ, ತುದಿಗೆ ಮಾತ್ರ ನಾಲ್ಕು ಮೊಳ ನೈಲಾನ್, ಮೀನಿಗೆ ಕಾಣಬಾರದೆಂದು.

ನಮ್ಮವರು ರೀಲಿನಿಂದ ಒಂದು ಗೇಣು ದಾರ ಬಿಚ್ಚಿದರು. ಬೆರಳಿನ ನಡುವೆ ಉಜ್ಜಿದರು. ಆಮೇಲೆ ಎಲ್ಲರೆದುರು ಬಾಯಿಗಿಟ್ಟು ಹಲ್ಲಿನಲ್ಲಿ ಕಚ್ಚಿ ಮೆಲ್ಲಗೆ ಎಳೆದು ನೋಡಿದರು. ಅಂಗಡಿಯ ಹುಡುಗಿ, "ಓ!" ಎಂದಳು. ನನಗೆ ನಾಚಿಕೆಯಾಗಿ, "ಎಂಥ ಮಾಡ್ತೀರಿ, ದುಡ್ಡು ಕೊಡುವ ಮೊದಲು ಎಂಜಲು ಮಾಡುವುದಾ!" ಎಂದು ಗದರಿದೆ. ಅವರು ತಿರುಗಿಯೂ ನೋಡದೆ, "ಬೆರಳಿಗೆ ಗೊತ್ತಾಗುವುದಿಲ್ಲವಲ್ಲ," ಎಂದರು.

ಕೊನೆಗೆ ಅವರು ತೆಗೆದುಕೊಂಡದ್ದು ದಪ್ಪ ನೈಲಾನ್. ಸಪೂರ ದಾರ ಕೈ ಕೊಯ್ಯುತ್ತದೆ ಎಂದು ಡೇಲ್‌ಗೆ ತೋರುಬೆರಳಿನ ಹಳೆಯ ಗಾಯ ತೋರಿಸಿದರು, ಮೂಳೆಯವರೆಗೆ ಹೋಗಿದ್ದ ಗಾಯ. ಇಲ್ಲಿ ದಾರವನ್ನು ಕೈಯಲ್ಲಿ ಹಿಡಿಯುವುದೇ ಇಲ್ಲ, ಕೋಲು ಉಂಟು, ರೀಲು ಉಂಟು ಎಂದು ಉಷಾ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಯಾವಾಗಲೂ ಕೈಗೆ ತಕ್ಕ ದಾರ ಆರಿಸಿದವರು ಅವರು, ಕೈಗೆ ಸ್ಪರ್ಶ ಇಲ್ಲದಾಗಲೂ ಅದನ್ನೇ ಮಾಡಿದರು. ಡೇಲ್ ಜಗಳವಾಡಲಿಲ್ಲ. ಒಂದು ಕೋಲಿಗೆ ಆ ನೈಲಾನ್, ಇನ್ನೊಂದಕ್ಕೆ ಹೆಣೆದದ್ದು ಸುತ್ತಿಸಿಕೊಂಡರು. ಉಷಾ ನಮ್ಮ ಮೂವರಿಗೂ ಒಂದು ದಿನದ ಲೈಸೆನ್ಸು ಮಾಡಿಸಿದಳು. "ನನಗ್ಯಾಕೆ?" ಎಂದರೆ, "ಇರಲಿ ಅಕ್ಕ," ಎಂದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಮಾರ್ಟಿನೆಜ್ ಎಂಬ ಸಣ್ಣ ಊರಿನ ದಕ್ಕೆಯಲ್ಲಿದ್ದೆವು. ವಾಲ್ನಟ್ ಕ್ರೀಕಿನಿಂದ ಹತ್ತು ಹನ್ನೆರಡು ಮೈಲಿ. ಅಕ್ಟೋಬರ್ ತಿಂಗಳು, ಮಂಜು ಮುಖಕ್ಕೆ ತಾಗುತ್ತಿತ್ತು, ಎರಡು ಸ್ವೆಟರ್ ಹಾಕಿದರೂ ಹಲ್ಲು ಕಟಕಟ. ಉಷಾ ಸಜ್ಜಿಗೆ ಬಜಿಲ್, ಅಂದರೆ ಉಪ್ಪಿಟ್ಟು ಅವಲಕ್ಕಿ, ಕಟ್ಟಿಕೊಂಡಿದ್ದಳು. ಡೇಲ್ ಬೋಟನ್ನು ನೀರಿಗಿಳಿಸಿದರು, ಉಷಾ ಹತ್ತಿದಳು. ನಾನು ದಡದಲ್ಲೇ ನಿಂತೆ. ಕಾಲು ಮುಂದೆ ಹೋಗಲಿಲ್ಲ, ನಿಜ ಹೇಳುತ್ತೇನೆ. ಬುಟ್ಟಿ ಹಿಡಿದು ನೂರಾರು ಬೋಟುಗಳ ಎದುರು ನಿಂತವಳು, ಒಂದಕ್ಕೂ ಹತ್ತಿದವಳಲ್ಲ.

"ಹತ್ತು ಸುಮತಿ," ಎಂದರು ನಮ್ಮವರು.

"ನಾನು ಹತ್ತಿ ಮೀನು ಸಿಗದಿದ್ದರೆ?"

"ಹೇಗೂ ಸಿಗುವುದಿಲ್ಲ. ಹತ್ತು."

ಬಲಗಾಲಿಟ್ಟು ಹತ್ತಿದೆ.

ಮಂಜು ಸರಿದಾಗ ಕಂಡದ್ದನ್ನು ಹೇಗೆ ಬರೆಯಲಿ? ಎರಡೂ ಕಡೆ ಒಣಹುಲ್ಲಿನ ಚಿನ್ನದ ಬಣ್ಣದ ಗುಡ್ಡಗಳು, ನಡುವೆ ಕಡಲೂ ನದಿಯೂ ಸೇರಿದ ಅಗಲ ನೀರು. ಮೇಲೆ ಸೇತುವೆ. ಅದರ ಮೇಲೆ ಗೂಡ್ಸ್ ರೈಲು ಹೋಗಲು ಶುರುವಾಗಿ, ನಾನು ಡಬ್ಬಿ ಎಣಿಸಿ ಎಣಿಸಿ ಸೋತೆ, ರೈಲು ಮುಗಿಯಲಿಲ್ಲ. ಸೇತುವೆಯ ಕೆಳಗೆ ನಮ್ಮ ಬೋಟು ಎಷ್ಟು ಚಿಕ್ಕದಾಯಿತೆಂದರೆ ನಾನು ಉಷಾಳ ಕೈ ಹಿಡಿದೆ. ಇಂಥ ನೀರಿನ ಮೇಲೆ, ಇದಕ್ಕಿಂತ ದೊಡ್ಡದರ ಮೇಲೆ, ಈ ಮನುಷ್ಯ ಮೂವತ್ತು ವರ್ಷ ಹೋಗಿ ಬಂದಿದ್ದಾರೆ. ಸಂಜೆ ತಡವಾಗಿ ಬಂದರೆ ಐಸು ಕರಗಿತು ಎಂದು ನಾನು ಬೈಯುತ್ತಿದ್ದೆ!

ಡೇಲ್ ಬೋಟನ್ನು ನಡಿಗೆಯ ವೇಗಕ್ಕಿಂತ ತುಸು ಜೋರಾಗಿ ಬಿಟ್ಟರು. ನಮ್ಮವರು ದಪ್ಪ ನೈಲಾನಿನ ಕೋಲು ಹಿಡಿದು ದಾರ ಬಿಟ್ಟರು, ಎಷ್ಟು ಅಡಿ ಹೋಯಿತೆಂದು ರೀಲಿನ ಮೇಲೆಯೇ ಅಂಕಿ ಬರುತ್ತಿತ್ತು. ಬಿಟ್ಟ ದಾರವನ್ನು ಅಭ್ಯಾಸದಂತೆ ತೋರುಬೆರಳಿನ ಮೇಲೆ ಹಾಯಿಸಿಕೊಂಡರು. ನೀರಿನಡಿಯ ಮೀನು ತೋರಿಸುವ ಯಂತ್ರದ ಪರದೆಯಲ್ಲಿ ಮೀನುಗಳು ಹದಿನೈದು ಅಡಿ ಆಳದಲ್ಲಿದ್ದವು. ದಪ್ಪ ದಾರದ ಪ್ಲಾಸ್ಟಿಕ್ ಮೀನು ಅಷ್ಟು ಇಳಿಯುವುದಿಲ್ಲ ಎಂದರು ಡೇಲ್. ಒಂದು ಗಂಟೆ ಹೋಯಿತು. ನಮ್ಮವರು ದಾರ ಸುತ್ತಿ, ಕೋಲನ್ನು ಬದಿಗಿಟ್ಟು ಕೂತರು.

"ಏನೂ ಬರುವುದಿಲ್ಲ ಸುಮತಿ. ಮೀನಿನದ್ದಲ್ಲ, ದಾರದ್ದೇ ಸುದ್ದಿ ಬರುವುದಿಲ್ಲ. ನನ್ನದು ಮುಗಿಯಿತು."

ಅವರ ಕಣ್ಣು ನೋಡಲು ನನ್ನಿಂದಾಗಲಿಲ್ಲ. ದುಃಖಕ್ಕೂ ಮೊದಲು ನನಗೆ ಸಿಟ್ಟು ಬರುವುದು, ಅದು ನನ್ನ ಹುಟ್ಟುಗುಣ. "ಬೆರಳು ಹೋದರೆ ಹೋಯಿತು!" ಎಂದು ಕೂಗಿದೆ. "ನಿನ್ನೆ ಅಂಗಡಿಯಲ್ಲಿ ನನ್ನ ಮರ್ಯಾದೆ ತೆಗೆದಿರಲ್ಲ, ಆ ಹಲ್ಲು ಎಲ್ಲಿ ಹೋಯಿತು? ಅಷ್ಟು ಜನರೆದುರು ಕಚ್ಚಿದವರಿಗೆ ಇಲ್ಲಿ ಯಾರ ನಾಚಿಕೆ?"

ಅವರು ನನ್ನನ್ನೇ ನೋಡಿದರು. ಆಮೇಲೆ ಹೆಣೆದ ದಾರದ ಕೋಲಿಗೆ ಕೈ ಚಾಚಿದರು. ಡೇಲ್ ಕೊಟ್ಟರು. ದಾರ ಬಿಟ್ಟು, ಕೋಲಿನ ಹಿಡಿಯ ಮೇಲ್ಭಾಗವನ್ನು ದವಡೆಯ ಮೂಳೆಗೆ ಒತ್ತಿ, ಹಲ್ಲು ಕಚ್ಚಿ, ಕಣ್ಣು ಮುಚ್ಚಿದರು.

"ಪ್ಲಾಸ್ಟಿಕ್ ಮೀನು ಓಡ್ತಾ ಉಂಟು," ಎಂದರು. "ಟಕ ಟಕ ಟಕ ಅಂತ ಬಾಲ ಹೊಡೀತಾ ಉಂಟು."

ಸ್ವಲ್ಪ ಹೊತ್ತಿಗೆ, "ನಿಂತಿತು. ಕಸ ಸಿಕ್ಕಿದೆ," ಎಂದರು. ಉಷಾ ಇಂಗ್ಲಿಷಿನಲ್ಲಿ ಹೇಳಿದಳು. ಕೋಲಿನ ತುದಿ ಮೊದಲಿನ ಹಾಗೆಯೇ ಬಾಗಿತ್ತು, ಡೇಲ್‌ಗೆ ನಂಬಿಕೆ ಬರಲಿಲ್ಲ. ಆದರೂ ನಮ್ಮವರು ದಾರ ಸುತ್ತಿದರು. ನೂರು ಅಡಿ ಆಚೆಯಿಂದ ಬಂದ ಪ್ಲಾಸ್ಟಿಕ್ ಮೀನಿನ ಕೊಕ್ಕೆಗೆ ಒಂದೇ ಒಂದು ಎಳೆ ಪಾಚಿ, ಜಡೆಯ ರಿಬ್ಬನ್ನಿನಷ್ಟು. ಡೇಲ್ ತಲೆಯ ಟೊಪ್ಪಿ ತೆಗೆದರು. ಅಲ್ಲಿಯವರೆಗೆ 'ಮಿಸ್ಟರ್' ಎನ್ನುತ್ತಿದ್ದವರು ಆಮೇಲೆ ಕೊನೆಯವರೆಗೂ 'ಕ್ಯಾಪ್ಟನ್' ಎಂದೇ ಕರೆದರು. ಮೂವತ್ತೊಂದು ವರ್ಷ ಒಟ್ಟಿಗೆ ಉಂಡ ಗಂಡನನ್ನು ನಾನು ಅಂದೇ ನೋಡಿದ್ದು.

ಹತ್ತೂವರೆಯ ಹೊತ್ತಿಗೆ ಅವರ ತಲೆ ಫಕ್ಕನೆ ಹಿಂದೆ ಹೋಯಿತು. "ಬಂತು!" ಕೋಲು ಬಿಲ್ಲಾಯಿತು. ಹಿಗ್ಗದ ದಾರ, ಜೋರಾಗಿ ಎಳೆದರೆ ಬಾಯಿ ಹರಿದೀತೆಂದು ಡೇಲ್ ರೀಲಿನ ಬಿಗಿ ಸಡಿಲಿಸಿದರು. ನಮ್ಮವರು ಬಿಟ್ಟು, ಎಳೆದು, ಬಿಟ್ಟು, ಮೀನನ್ನು ಬೋಟಿನ ಹತ್ತಿರ ತಂದರು. ಬೆಳ್ಳಿ ಮೈ, ಉದ್ದಕ್ಕೆ ಕಪ್ಪು ಗೆರೆಗಳು, ಎಂಥ ಚಂದ! ಡೇಲ್ ಅಳತೆಪಟ್ಟಿ ಇಟ್ಟರು. ಹದಿನೇಳು ಇಂಚು. ಇಲ್ಲಿಯ ಕಾನೂನು ಹದಿನೆಂಟು, ಚಿಕ್ಕದಾದರೆ ವಾಪಸ್ಸು ಬಿಡಬೇಕು.

"ಒಂದು ಇಂಚಿಗೆ ಬಿಡುವುದಾ? ನಾಲ್ಕು ತುಂಡು ಆಗ್ತದೆ! ಬಾಲ ಸ್ವಲ್ಪ ಎಳೆದು ಹಿಡಿಯಲಿಕ್ಕೆ ಹೇಳು ಉಷಾ!" ಎಂದು ನಾನು ಬೊಬ್ಬೆ ಹಾಕಿದೆ. ಮೀನು ಮಾರಿದ ಬಾಯಿ, ಸುಮ್ಮನಿರುತ್ತದಾ? ನಮ್ಮವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೀನನ್ನು ಎರಡೂ ಕೈಯಲ್ಲಿ ನೀರಿಗಿಟ್ಟು ಬಿಟ್ಟರು.

ಮತ್ತೆ ದಾರ ಹೋಯಿತು. ಅವರು ಕೋಲನ್ನು ತಂದು ನನ್ನ ದವಡೆಗೆ ಒತ್ತಿದರು. "ಹಲ್ಲು ಕಚ್ಚು. ಮಾತಾಡಬೇಡ, ಒಂದು ನಿಮಿಷಕ್ಕಾದರೂ." ಮೊದಲು ಏನೂ ಇಲ್ಲ. ಆಮೇಲೆ ಮೂಳೆಯ ಒಳಗೇ ಬಂತು, ಸಣ್ಣಗೆ, ಬಿಡದೆ, ಟಕ ಟಕ ಟಕ. ನನಗೆ ಅಳು ಬಂತು. ಇದನ್ನೇ ಅಲ್ಲವಾ ಇವರು ಎರಡು ವರ್ಷ ಯಾರಿಗೂ ಹೇಳಲಾಗದೆ ಕಳೆದುಕೊಂಡು ಕೂತದ್ದು ಎಂದು ಅತ್ತೆ.

ಆಮೇಲೆ ಎರಡು ವಾರ ಎಲ್ಲೆಲ್ಲೋ ತಿರುಗಿದೆವು. ಪಾಲೋ ಆಲ್ಟೋದಲ್ಲಿ ವಿಶ್ವವಿದ್ಯಾಲಯ ನೋಡಿದೆವು. ಬೆಳ್ಳುಳ್ಳಿ ಬೆಳೆಯುವ ಗಿಲ್‌ರಾಯ್ ಎಂಬಲ್ಲಿ ಕಾರಿನ ಗಾಜು ಇಳಿಸಿದರೆ ಊರೆಲ್ಲ ಬೆಳ್ಳುಳ್ಳಿ ವಾಸನೆ. ನಮ್ಮವರು ಹೋದಲ್ಲೆಲ್ಲ ಮೀನಿನ ಸುದ್ದಿಯೇ.

ಹೊರಡುವ ದಿನ ಸಾಮಾನು ಕಟ್ಟುವಾಗ ಅವರ ಅಂಗಿಗಳ ನಡುವೆ ಹೆಣೆದ ದಾರದ ರೀಲು ಸಿಕ್ಕಿತು. ಅದರ ಕೆಳಗೆ ಇನ್ನೊಂದು.

"ಎರಡು ಯಾಕೆ? ಒಂದೇ ಸಾಕಲ್ಲ ನಿಮಗೆ?"

"ಒಂದು ನಿನ್ನದು," ಎಂದರು. "ಊರಿಗೆ ಹೋದ ಮೇಲೆ ಬೋಟಿಗೆ ನೀನೂ ಬರಬೇಕು."

"ದಕ್ಕೆಯವರು ಏನು ಹೇಳಿಯಾರು?"

"ನೀನು ಬಾಯಿ ತೆರೆದರೆ ದಕ್ಕೆಯವರು ಯಾವತ್ತು ಏನು ಹೇಳಿದ್ದಾರೆ?"

ವಿಮಾನ ಮೇಲೆದ್ದು ಓರೆಯಾದಾಗ ಕೊಲ್ಲಿ ಇಡೀ ಕಂಡಿತು, ಸೇತುವೆಗಳು, ಬಿಸಿಲಿಗೆ ಹೊಳೆಯುವ ನೀರು. ಅದರ ಮೇಲೆ ಯಾವುದೋ ಒಂದು ಸಣ್ಣ ಬೋಟು ಬಿಳಿ ಗೆರೆ ಎಳೆಯುತ್ತಾ ಹೋಗುತ್ತಿತ್ತು. ನಾನು ಕಿಟಕಿಗೆ ದವಡೆ ಒತ್ತಿ, ಹಲ್ಲು ಕಚ್ಚಿ, ಅದು ಮರೆಯಾಗುವವರೆಗೆ ನೋಡಿದೆ.